499: ಫೋನ್ ಇಟ್ಟವರು ಯಾರು?

ಕರ್ನಾಟಕದಲ್ಲಿ ಶಿವಪುರಗಳು ಬೇಕಾದಷ್ಟಿವೆ. ನಾನು ಹೇಳ್ತಿರೋದು ಮದ್ದೂರಿನ ಶಿವಪುರ. ಬೆಂಗಳೂರು–ಮೈಸೂರು ಹಳೇ ಹೆದ್ದಾರಿಯಲ್ಲಿ ಓಡಾಡಿದವರ ಕಣ್ಣಿಗೆ ಅಲ್ಲಿನ ಸತ್ಯಾಗ್ರಹ ಸೌಧ ಬಿದ್ದಿರುತ್ತದೆ. ಬಿದ್ದರೂ ಮದ್ದೂರು ವಡೆಯ ಆತುರದಲ್ಲಿ ಯಾರೂ ಇಳಿದು ನೋಡಿರುವುದಿಲ್ಲ. ಈಗಂತೂ ಎಕ್ಸ್‌ಪ್ರೆಸ್‌ವೇ ಊರನ್ನೇ ಬಳಸಿಕೊಂಡು ಹೋಗುವುದರಿಂದ ವಡೆಗೂ ಇಳಿಯುವವರು ಕಡಿಮೆ.

ನಮ್ಮ ದೊಡ್ಡಪ್ಪನ ಮನೆ ಅಲ್ಲೇ. ಕಳೆದ ವರ್ಷ ಊರಹಬ್ಬಕ್ಕೆ ಹೋಗಿದ್ದೆ. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಜಗುಲಿ ಮೇಲೆ ಕೂತಿದ್ದಾಗ ದೊಡ್ಡಪ್ಪ ಫೋನ್ ತಂದು ನನ್ನ ಕೈಗಿಟ್ಟರು. "ಇದು ನಿಮ್ ಕಂಪ್ನಿದೇ ಅಂತಲ್ಲಪ್ಪ, ವಸಿ ನೋಡು. ಒತ್ತುದ್ರೆ ಸುತ್ತತಾನೇ ಇರ್ತದೆ. ಆಮೇಲೆ ನೆಟ್‌ವರ್ಕ್ ಸರಿಯಿಲ್ಲ ಅಂತದೆ. ಮೂರ್ ಸತಿ ಒತ್ದೆ. ಮೂರು ಸುರುಳಿ ಪೈಪು ಬಂದು ಬಿದ್ದವೆ."

ಹಿತ್ತಿಲಿಗೆ ಹೋಗಿ ನೋಡಿದೆ. ಹನಿ ನೀರಾವರಿ ಪೈಪಿನ ಮೂರು ದಪ್ಪ ಸುರುಳಿ, ಒಂದರ ಮೇಲೊಂದು. ಬೇಕಾಗಿದ್ದದ್ದು ಒಂದು.

ನಾನು ಆಗ ಕೆಲಸ ಮಾಡ್ತಿದ್ದ ಕಂಪನಿ (ಹೆಸರು ಬೇಡ, ಈಗ ಬಿಟ್ಟಿದ್ದೀನಿ) ರೈತರಿಗೆ ಬೇಕಾದ ಸಾಮಾನನ್ನು ಆಪ್ ಮೂಲಕ ಮಾರುತ್ತಿತ್ತು. ಸರ್ವರ್‌ಗಳನ್ನು ನೋಡಿಕೊಳ್ಳುವ ತಂಡದಲ್ಲಿ ನಾನಿದ್ದೆ. ಪ್ರತಿ ಸೋಮವಾರ ಮೀಟಿಂಗಿನಲ್ಲಿ ಒಂದು ಸ್ಲೈಡ್ ತೋರಿಸಬೇಕಾಗಿತ್ತು: ವಾರದಲ್ಲಿ ಎಷ್ಟು ವಿನಂತಿ ಬಂದವು, ಎಷ್ಟು ಗೆದ್ದವು, ಎಷ್ಟು ಸೋತವು. ಅದರಲ್ಲಿ 499 ಅನ್ನುವ ಒಂದು ಸಾಲು ಮೂರು ತಿಂಗಳಿಂದ ಏರುತ್ತಲೇ ಇತ್ತು. ಪಕ್ಕದಲ್ಲಿ ನಾನೇ ಬರೆದಿದ್ದ ಟಿಪ್ಪಣಿ: "ಗ್ರಾಮೀಣ ನೆಟ್‌ವರ್ಕ್ ಸಮಸ್ಯೆ. ನಮ್ಮ ಕಡೆಯದಲ್ಲ." ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದವನು ಬರೆದ ಸಾಲು ಅದು. ಮೀಟಿಂಗಿನಲ್ಲಿ ಯಾರೂ ಪ್ರಶ್ನೆ ಕೇಳಿರಲಿಲ್ಲ. ಹಳ್ಳಿ ಅಂದಮೇಲೆ ಸಿಗ್ನಲ್ ಇರಲ್ಲ ಅನ್ನೋದು ಕೋರಮಂಗಲದಲ್ಲಿ ಕೂತವರಿಗೆಲ್ಲ ಗೊತ್ತಿರುವ ವಿಷಯವಲ್ಲವೇ?

499 ಅಂದರೇನು ಅಂತ ಹೇಳಿಬಿಡ್ತೀನಿ. ವೆಬ್ ಸರ್ವರ್‌ಗೆ ಒಂದು ವಿನಂತಿ ಬಂದರೆ ಅದರ ಪಾಡೇನಾಯಿತು ಅನ್ನೋದನ್ನ ಮೂರಂಕಿಯ ಒಂದು ಸಂಖ್ಯೆಯಲ್ಲಿ ಅದು ಲಾಗ್‌ನಲ್ಲಿ ಬರೆದಿಡುತ್ತದೆ. 200 ಅಂದರೆ ಆಯಿತು. 404 ಅಂದರೆ ಕೇಳಿದ್ದು ಸಿಗಲಿಲ್ಲ. 500 ಅಂದರೆ ಸರ್ವರ್ ಒಳಗೇ ಏನೋ ಮುರಿಯಿತು. 499 ಮಾತ್ರ ಯಾವ ಅಧಿಕೃತ ಪಟ್ಟಿಯಲ್ಲೂ ಇಲ್ಲ. ಅದು ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ತಾನೇ ಮಾಡಿಕೊಂಡ ಸಂಖ್ಯೆ. ಅರ್ಥ: ನಾನಿನ್ನೂ ಉತ್ತರ ಕೊಡುವಷ್ಟರಲ್ಲಿ ಕೇಳಿದವನೇ ಫೋನ್ ಇಟ್ಟ. ಉತ್ತರ ಯಾರಿಗೂ ಹೋಗಿಲ್ಲವಾದ್ದರಿಂದ ಈ ಸಂಖ್ಯೆಯನ್ನು ಬಳಕೆದಾರ ಯಾವತ್ತೂ ನೋಡುವುದಿಲ್ಲ. ಅದು ಲಾಗ್‌ನಲ್ಲಿ ಮಾತ್ರ ಇರುತ್ತದೆ, ಬೆನ್ನ ಹಿಂದೆ ಆಡುವ ಮಾತಿನ ಹಾಗೆ.

ಜಗುಲಿಯಲ್ಲಿ ಕೂತು ದೊಡ್ಡಪ್ಪನ ಫೋನಿನಿಂದ ನಾನೇ ಒಂದು ಆರ್ಡರ್ ಒತ್ತಿದೆ. ಸಿಗ್ನಲ್ ಕಡ್ಡಿಗಳೆಲ್ಲ ತುಂಬಿದ್ದವು. ಅದೇ ಫೋನಿನ ಹಾಟ್‌ಸ್ಪಾಟ್‌ನಲ್ಲಿ ನನ್ನ ಲ್ಯಾಪ್‌ಟಾಪ್ ಆರಾಮಾಗಿ ವಿಡಿಯೋ ಓಡಿಸುತ್ತಿತ್ತು. ಚಕ್ರ ಸುತ್ತಿತು, ಸುತ್ತಿತು, ಆಮೇಲೆ "ನಿಮ್ಮ ನೆಟ್‌ವರ್ಕ್ ಪರೀಕ್ಷಿಸಿ" ಅಂತ ಬಂತು. ಐಪಿ ವಿಳಾಸ, ಹೊತ್ತು ಎರಡನ್ನೂ ಹಿಡಿದು ಲಾಗ್ ಹುಡುಕಿದರೆ ನನ್ನದೇ ವಿನಂತಿ, ಪಕ್ಕದಲ್ಲಿ 499. ನಾನು ಫೋನ್ ಇಟ್ಟಿರಲಿಲ್ಲ. ಆದರೆ ಲಾಗ್ ಹಾಗಂತ ಬರೆದಿತ್ತು.

ಒಂದು ನಿಮಿಷ ಬಿಟ್ಟು ಎಸ್ಸೆಮ್ಮೆಸ್ ಬಂತು: ನಿಮ್ಮ ಆರ್ಡರ್ ಸ್ವೀಕರಿಸಲಾಗಿದೆ. ನಾಲ್ಕನೇ ಸುರುಳಿ!

*

ಈ ಮೂರಂಕಿಗಳು ಎಲ್ಲಿಂದ ಬಂದವು ಅನ್ನೋದನ್ನ ನಾನು ನಿಜವಾಗಿ ಓದಿದ್ದು ಆ ಹಬ್ಬದ ನಂತರ. ಹತ್ತು ವರ್ಷ ಲಾಗ್ ಓದಿ ಸಂಬಳ ತಗೊಂಡವನು ಮೊದಲೇ ಓದಬೇಕಿತ್ತು.

ಕತೆ ವೆಬ್‌ಗಿಂತ ಇಪ್ಪತ್ತು ವರ್ಷ ಹಿಂದಿನಿಂದ ಶುರುವಾಗುತ್ತದೆ. ಅಮೆರಿಕದಲ್ಲಿ ಅರ್ಪಾನೆಟ್ ಅನ್ನುವ ಜಾಲ ಆಗಷ್ಟೇ ಕಣ್ಣು ಬಿಡುತ್ತಿತ್ತು. 1971ರ ಏಪ್ರಿಲ್‌ನಲ್ಲಿ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಕಡತ ಸಾಗಿಸುವ ವಿಧಾನವನ್ನು ಬರೆದು ಹಂಚಿದವರು ಅಭಯ್ ಭೂಷಣ್. ಅಲಹಾಬಾದಿನವರು, ಐಐಟಿ ಕಾನ್ಪುರದ ಮೊದಲ ತಂಡದ ವಿದ್ಯಾರ್ಥಿ, ಆಗ ಎಂಐಟಿಯಲ್ಲಿದ್ದರು. ಎಫ್‌ಟಿಪಿ ಅಂತ ನಾವು ಕರೆಯೋದು ಇದನ್ನೇ. ಮುಂದಿನ ವರ್ಷದ ಪರಿಷ್ಕರಣೆಯ ಹೊತ್ತಿಗೆ ಅದರಲ್ಲಿ ಉತ್ತರಗಳು ಮೂರಂಕಿಯ ಸಂಖ್ಯೆಗಳಾಗಿದ್ದವು, ಪಕ್ಕದಲ್ಲಿ ಮನುಷ್ಯರಿಗಾಗಿ ಒಂದು ಸಾಲು ಇಂಗ್ಲಿಷ್. ಸಂಖ್ಯೆ ಯಂತ್ರಕ್ಕೆ, ಮಾತು ನಮಗೆ.

1974ರಲ್ಲಿ ಜಾನ್ ಪೋಸ್ಟೆಲ್ ಆ ಸಂಖ್ಯೆಗಳಿಗೊಂದು ವ್ಯಾಕರಣ ಕೊಟ್ಟರು. ಮೊದಲ ಅಂಕಿ ನೋಡಿದರೆ ಸಾಕು, ಮುಂದೇನು ಮಾಡಬೇಕು ಅನ್ನೋದು ತಿಳಿಯಬೇಕು. 2 ಅಂದರೆ ಕೆಲಸ ಮುಗಿಯಿತು. 3 ಅಂದರೆ ಇನ್ನೂ ಏನೋ ಕೊಡಬೇಕು. 4 ಅಂದರೆ ಈಗ ಆಗಲಿಲ್ಲ, ಆಮೇಲೆ ಮತ್ತೆ ಪ್ರಯತ್ನಿಸು. 5 ಅಂದರೆ ಆಗುವುದೇ ಇಲ್ಲ, ಮತ್ತೆ ಕೇಳಬೇಡ. ಇಮೇಲ್ ಇವತ್ತಿಗೂ ಈ ವ್ಯಾಕರಣದಲ್ಲೇ ಮಾತಾಡುತ್ತದೆ. ನಿಮ್ಮ ಮೇಲ್ 450 ಅಂತ ತಿರುಗಿ ಬಂದರೆ ಅಂಚೆಪೆಟ್ಟಿಗೆ ಸದ್ಯಕ್ಕೆ ಸಿಗುತ್ತಿಲ್ಲ, 550 ಅಂತ ಬಂದರೆ ಅಂಥ ಪೆಟ್ಟಿಗೆಯೇ ಇಲ್ಲ.

ಗಮನಿಸಿ, ಇಲ್ಲಿ ಯಾರ ತಪ್ಪು ಅನ್ನುವ ಮಾತೇ ಇಲ್ಲ. ಮತ್ತೆ ಕೇಳಲೋ ಬೇಡವೋ, ಅಷ್ಟೇ.

ಟಿಮ್ ಬರ್ನರ್ಸ್-ಲೀ 1991ರಲ್ಲಿ ವೆಬ್‌ನ ಎಚ್‌ಟಿಟಿಪಿಯನ್ನು ಮೊದಲು ಬರೆದಿಟ್ಟಾಗ ಅದರಲ್ಲಿ ಸಂಖ್ಯೆಗಳೇ ಇರಲಿಲ್ಲ. ಏನಾದರೂ ಎಡವಟ್ಟಾದರೆ ಸರ್ವರ್ ಒಂದು ಪುಟದಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಅದು ಉತ್ತರವೋ ದೋಷವೋ ಅಂತ ಪುಟ ಓದಿಯೇ ತಿಳಿಯಬೇಕು, ಬೇರೆ ದಾರಿಯಿಲ್ಲ ಅಂತ ಆ ದಾಖಲೆಯಲ್ಲೇ ಒಪ್ಪಿಕೊಂಡಿದ್ದರು. ಮರುವರ್ಷ ಸಂಖ್ಯೆಗಳು ಬಂದವು. 1996ರ ಮೇ ತಿಂಗಳಲ್ಲಿ ಎಚ್‌ಟಿಟಿಪಿ 1.0 ಆರ್‌ಎಫ್‌ಸಿ 1945 ಅನ್ನುವ ದಾಖಲೆಯಾಗಿ ಪ್ರಕಟವಾಗುವ ಹೊತ್ತಿಗೆ ಇವತ್ತು ನಮಗೆ ಗೊತ್ತಿರುವ 200, 404, 500 ಎಲ್ಲ ಅದರಲ್ಲಿದ್ದವು. (404 ಅನ್ನೋದು ಸರ್ನ್ ಪ್ರಯೋಗಾಲಯದ ಒಂದು ಕೋಣೆಯ ಸಂಖ್ಯೆ ಅನ್ನುವ ಕತೆ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತೆ. ಸುಳ್ಳು. ಬರ್ನರ್ಸ್-ಲೀ ಜತೆಗಿದ್ದ ರಾಬರ್ಟ್ ಕೈಯೋ ಅವರೇ ಅದನ್ನು ತಳ್ಳಿಹಾಕಿದ್ದಾರೆ.)

ಹಳೆಯ ವ್ಯಾಕರಣವನ್ನು ಎತ್ತಿಕೊಳ್ಳುವಾಗ ವೆಬ್ ಒಂದನ್ನು ಬದಲಿಸಿತು. 4ರಿಂದ ಶುರುವಾದರೆ ಕ್ಲೈಂಟಿನ ತಪ್ಪು, ಅಂದರೆ ಕೇಳಿದವನದು. 5ರಿಂದ ಶುರುವಾದರೆ ಸರ್ವರಿನ ತಪ್ಪು. "ಮತ್ತೆ ಕೇಳಲೇ?" ಅನ್ನುವ ಪ್ರಶ್ನೆ ಇದ್ದ ಜಾಗದಲ್ಲಿ "ತಪ್ಪು ಯಾರದು?" ಬಂದು ಕೂತಿತು. ಪ್ರೋಗ್ರಾಮರ್‌ಗಳಿಗೆ ಇದು ಅನುಕೂಲವೇ, ನಾನು ಇಲ್ಲ ಅನ್ನಲ್ಲ. ಆದರೆ ಅಲ್ಲಿಂದ ಮುಂದೆ ಪ್ರತಿ ದೋಷಸಂಖ್ಯೆಯೂ ಒಂದು ಆರೋಪವಾಯಿತು. ಆರೋಪ ಹೊರಿಸುವವನು ಯಾರು ಅಂದರೆ, ಎರಡು ಕಕ್ಷಿಗಳಲ್ಲಿ ಒಬ್ಬನಾದ ಸರ್ವರ್. ಜಗಳದಲ್ಲಿ ಒಬ್ಬನ ಕೈಗೇ ಪಂಚಾಯಿತಿ ಪುಸ್ತಕ ಕೊಟ್ಟ ಹಾಗೆ.

ನಮ್ಮ ಕಂಪನಿಯಲ್ಲಿ ಆದದ್ದು ನೋಡಿ. ಮ್ಯಾನೇಜ್‌ಮೆಂಟ್ ನಮ್ಮನ್ನು ಅಳೆಯುತ್ತಿದ್ದುದು 5ರ ಸಾಲಿನ ಸಂಖ್ಯೆಗಳಿಂದ. ಅವು ಕಡಿಮೆಯಿದ್ದರೆ ನಾವು ಜಾಣರು. 4ರ ಸಾಲು ಲೆಕ್ಕಕ್ಕೇ ಇಲ್ಲ, ಅದು ಗ್ರಾಹಕರ ಕರ್ಮ. 499 ಹುಟ್ಟಿದ್ದು 4ರ ಮನೆಯಲ್ಲಿ. ಆದ್ದರಿಂದ ಅದರ ಕಡೆ ಕಣ್ಣೆತ್ತಿ ನೋಡುವ ಅಗತ್ಯ ಯಾರಿಗೂ ಬೀಳಲಿಲ್ಲ.

*

ಇನ್ನೊಂದು ಹಳೆಯ ನಿರ್ಧಾರವೂ ನಮ್ಮನ್ನು ಕುರುಡು ಮಾಡಿತ್ತು. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ವೆಬ್ ಸರ್ವರ್ ಆ ಕಾಲದಲ್ಲಿ ಎಲ್ಲರೂ ಬಳಸುತ್ತಿದ್ದದ್ದು. ಅದಕ್ಕೆ ತೇಪೆ ಹಾಕುತ್ತ ಹಾಕುತ್ತಲೇ 1995ರಲ್ಲಿ ಅಪಾಚೆ ಹುಟ್ಟಿತು. ಆ ದಿನಗಳಲ್ಲಿ ರೂಢಿಗೆ ಬಂದ ಲಾಗ್ ಸಾಲಿನಲ್ಲಿ ಏಳು ಅಂಕಣ: ಯಾವ ಯಂತ್ರದಿಂದ ಬಂತು, ಅಲ್ಲಿ ಯಾರು (ಇದು ಯಾವಾಗಲೂ ಬರೀ ಅಡ್ಡಗೆರೆಯೇ, ಮೂವತ್ತು ವರ್ಷದಿಂದ ಆ ಗೆರೆ ಸುಮ್ಮನೆ ಕೂತಿದೆ), ಲಾಗಿನ್ ಹೆಸರು, ದಿನಾಂಕ ಮತ್ತು ಹೊತ್ತು, ಕೇಳಿದ್ದೇನು, ಮೂರಂಕಿ ಸಂಖ್ಯೆ, ಎಷ್ಟು ಬೈಟ್ ಕಳಿಸಿದೆವು. ಎಂಜಿನ್‌ಎಕ್ಸ್ ಅನ್ನು ರಷ್ಯಾದ ಇಗೊರ್ ಸಿಸೋಯೆವ್ 2004ರಲ್ಲಿ ಹೊರಬಿಟ್ಟರು. ಅದೂ ಡೀಫಾಲ್ಟ್ ಆಗಿ ಬರೆಯೋದು ಇದೇ ಸಾಲನ್ನು, ಹಿಂದಿನ ಪುಟ ಯಾವುದು, ಬ್ರೌಸರ್ ಯಾವುದು ಅನ್ನುವ ಎರಡು ಅಂಕಣ ಸೇರಿಸಿ.

ಇದರಲ್ಲಿ ಏನಿಲ್ಲ ಹೇಳಿ? ಎಷ್ಟು ಹೊತ್ತು ಹಿಡಿಯಿತು ಅನ್ನೋದಿಲ್ಲ. ಪುಟ ಅಂದರೆ ಡಿಸ್ಕಿನ ಮೇಲಿನ ಒಂದು ಕಡತವಾಗಿದ್ದ ಕಾಲದಲ್ಲಿ ಅದು ಬೇಕೂ ಇರಲಿಲ್ಲ. ಆಮೇಲೆ ವೆಬ್ ಸರ್ವರ್ ಹಿಂದೆ ಆಪ್ ಸರ್ವರ್, ಅದರ ಹಿಂದೆ ಡೇಟಾಬೇಸ್, ಮುಂದೆ ಲೋಡ್ ಬ್ಯಾಲೆನ್ಸರ್, ಹೀಗೆ ಸಾಲುಮನೆ ಎದ್ದವು. ಲಾಗ್ ಸಾಲು ಮಾತ್ರ ಹಳೇದೇ ಉಳಿಯಿತು. ಮನೆ ಮೂರಂತಸ್ತಾದರೂ ಕಾಲಿಂಗ್ ಬೆಲ್ ಕೆಳಗಿನ ಬಾಗಿಲಿಗೇ.

ನಾನು ಶನಿವಾರ ಸಂಜೆ ಮಾಡಿದ್ದು ಇಷ್ಟು. ಲಾಗ್‌ಗೆ ಮೂರು ಅಂಕಣ ಸೇರಿಸಿದೆ: ಇಡೀ ವಿನಂತಿಗೆ ಎಷ್ಟು ಸೆಕೆಂಡ್ ಆಯಿತು, ಹಿಂದಿನ ಆಪ್ ಸರ್ವರ್ ಎಷ್ಟು ಹೊತ್ತು ತಗೊಂಡಿತು, ಅದು ಕೊಟ್ಟ ಸಂಖ್ಯೆ ಯಾವುದು. ಎಂಜಿನ್‌ಎಕ್ಸ್‌ನಲ್ಲಿ ಇವಕ್ಕೆಲ್ಲ ಹೆಸರುಗಳು ಸಿದ್ಧವಾಗಿಯೇ ಇವೆ, ಸಂರಚನೆಯಲ್ಲಿ ಒಂದು ಸಾಲು ಬದಲಿಸಿ ಮರುಲೋಡ್ ಮಾಡಿದರೆ ಆಯಿತು. ಹಬ್ಬದ ಮನೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದ್ದಕ್ಕೆ ದೊಡ್ಡಮ್ಮನಿಂದ ಬೈಸಿಕೊಂಡೆ. ರಾತ್ರಿ ಊಟದ ಹೊತ್ತಿಗೆ ನೋಡಿದರೆ, 499 ಆದ ವಿನಂತಿಗಳೆಲ್ಲ ಒಂದೇ ಕಡೆ ಗುಂಪುಗೂಡಿದ್ದವು. 10.001 ಸೆಕೆಂಡ್, 10.003, 10.000, 10.002.

ಸಿಗ್ನಲ್ ಹೋಗುವುದಕ್ಕೆ ಗಡಿಯಾರ ಇರಲ್ಲ. ಒಬ್ಬರಿಗೆ ಎರಡನೇ ಸೆಕೆಂಡಿಗೆ ಹೋಗುತ್ತೆ, ಇನ್ನೊಬ್ಬರಿಗೆ ಏಳಕ್ಕೆ. ನಿಜವಾಗಿ ನೆಟ್‌ವರ್ಕ್ ಕೈಕೊಟ್ಟಿದ್ದರೆ ಸಂಖ್ಯೆಗಳು ಚೆಲ್ಲಾಪಿಲ್ಲಿಯಾಗಿ ಬೀಳಬೇಕಿತ್ತು. ಸರಿಯಾಗಿ ಹತ್ತಕ್ಕೆ ಬಿದ್ದಿವೆ ಅಂದರೆ ಎಲ್ಲೋ ಒಬ್ಬರು ಹತ್ತು ಅಂತ ಬರೆದಿದ್ದಾರೆ. ಬರೆದಿದ್ದವರು ನಮ್ಮ ಆಪ್ ತಂಡದವರು: ಉತ್ತರ ಹತ್ತು ಸೆಕೆಂಡಿನಲ್ಲಿ ಬರದಿದ್ದರೆ ಸಂಪರ್ಕ ಕಡಿದು "ನೆಟ್‌ವರ್ಕ್ ಪರೀಕ್ಷಿಸಿ" ಅಂತ ತೋರಿಸು. ಆರ್ಡರ್ ದಾಖಲಾದ ಮೇಲೆ ದಾಸ್ತಾನು ಲೆಕ್ಕ ಹಾಕುವ ಒಂದು ಡೇಟಾಬೇಸ್ ಪ್ರಶ್ನೆ ಓಡುತ್ತಿತ್ತು, ಸರಕು ಹೆಚ್ಚಾದ ಹಾಗೆ ಅದು ಹದಿನೈದು, ಇಪ್ಪತ್ತು ಸೆಕೆಂಡಿಗೆ ಬಂದಿತ್ತು. ಆಪ್ ಫೋನ್ ಇಟ್ಟರೂ ಒಳಗಿನ ಕೆಲಸ ನಿಲ್ಲುತ್ತಿರಲಿಲ್ಲ. ಆರ್ಡರ್ ಆಗುತ್ತಿತ್ತು, ಪೈಪು ಲಾರಿ ಹತ್ತುತ್ತಿತ್ತು. ರೈತರು ಮತ್ತೆ ಒತ್ತುತ್ತಿದ್ದರು.

ಹಾಗಾದರೆ 499ಗಳೆಲ್ಲ ಹಳ್ಳಿಗಳಿಂದಲೇ ಯಾಕೆ ಬರುತ್ತಿದ್ದವು? ಆರ್ಡರ್ ಹಾಕುವವರೆಲ್ಲ ಹಳ್ಳಿಯವರೇ ಆದ್ದರಿಂದ. ಪಟ್ಟಣದ ವ್ಯಾಪಾರಿಗಳು ಆಪ್‌ನಲ್ಲಿ ದರ ನೋಡಿ ಹೋಗುತ್ತಿದ್ದರು, ಆ ದಾರಿ ಚುರುಕಾಗಿಯೇ ಇತ್ತು. ಸಂಬಂಧ ಕಂಡಿತ್ತು, ಕಾರಣ ನಾನೇ ತುಂಬಿಕೊಂಡಿದ್ದೆ.

*

ಎಲ್ಲ ತಪ್ಪುದಾರಿಯೂ ಇಷ್ಟು ನಾಟಕೀಯವಾಗಿರಲ್ಲ. 502 ನೋಡಿ, ಕೆಟ್ಟ ಗೇಟ್‌ವೇ ಅಂತ ಅದರ ಹೆಸರು. ಹೊಸಬರು ಮೊದಲು ಮಾಡೋದು ಎಂಜಿನ್‌ಎಕ್ಸ್ ಅನ್ನೇ ರೀಸ್ಟಾರ್ಟ್ ಮಾಡೋದು. ಪಾಪ, ಅದು ಸುದ್ದಿ ತಂದ ತಳವಾರ ಅಷ್ಟೇ. ಹಿಂದಿನವನು ಬಾಗಿಲೇ ತೆಗೆಯದಿದ್ದರೂ 502, ಮಾತಿನ ಮಧ್ಯೆ ಸತ್ತುಹೋದರೂ 502, ಅವನು ಕಳಿಸಿದ ಕುಕೀ ಉದ್ದವಾಗಿ ಹೆಡರ್ ಇಟ್ಟುಕೊಳ್ಳೋ ಜಾಗ ಸಾಲದಿದ್ದರೂ 502. ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದು ಅಂತ ತಿಳಿಯೋದು ಪಕ್ಕದ ಎರರ್ ಲಾಗ್‌ನಲ್ಲಿ, ಸಂಖ್ಯೆಯಲ್ಲಿ ಅಲ್ಲ. 401ರ ಇಂಗ್ಲಿಷ್ ಹೆಸರು ನಿನಗೆ ಅಧಿಕಾರವಿಲ್ಲ ಅನ್ನುವಂತಿದೆ, ಆದರೆ ಅದು ನಿಜಕ್ಕೂ ಹೇಳೋದು ನೀನ್ಯಾರಂತ ಗೊತ್ತಾಗಲಿಲ್ಲ ಅಂತ. ಹೆಸರಿಡುವಾಗಲೇ ಎಡವಿದ್ದು, ಈಗ ತಿದ್ದುವ ಹಾಗಿಲ್ಲ.

ಬೇಕಂತಲೇ ಹೇಳುವ ಸುಳ್ಳುಗಳೂ ಇವೆ. ಗಿಟ್‌ಹಬ್‌ನಲ್ಲಿ ಬೇರೆಯವರ ಖಾಸಗಿ ಕಡತಕೋಶದ ವಿಳಾಸ ಒತ್ತಿದರೆ 403 ಬರಲ್ಲ, 404 ಬರುತ್ತೆ. "ಇದೆ, ಆದರೆ ನಿನಗೆ ಕೊಡಲ್ಲ" ಅಂದರೆ ಇದೆ ಅನ್ನೋದು ಗೊತ್ತಾಗಿಬಿಡುತ್ತಲ್ಲ, ಅದಕ್ಕೆ "ಅಂಥದ್ದು ಇಲ್ಲವೇ ಇಲ್ಲ." ನಿಯಮಗಳೇ ಇದಕ್ಕೆ ಅವಕಾಶ ಕೊಟ್ಟಿವೆ, ನನಗೂ ಇದರ ಬಗ್ಗೆ ತಕರಾರಿಲ್ಲ. ತಕರಾರಿರೋದು 200ರ ಬಗ್ಗೆ. ಎಷ್ಟೋ ಆಪ್‌ಗಳು ಒಳಗೆ ಏನೇ ಮುರಿದರೂ ಹೊರಗೆ 200 ಕಳಿಸಿ, ಉತ್ತರದ ಒಡಲಲ್ಲಿ "ವಿಫಲ" ಅಂತ ಬರೆಯುತ್ತವೆ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಪುಟ ಓದದೆ ದೋಷ ತಿಳಿಯಲ್ಲ ಅನ್ನುವ 1991ರ ಸ್ಥಿತಿಗೆ ನಾವೇ ಕಷ್ಟಪಟ್ಟು ವಾಪಸ್ ಹೋಗಿದ್ದೀವಿ.

ಕನ್ನಡದಲ್ಲೂ ಒಂದು ದೋಷಸಂಖ್ಯೆ ಇದೆ, ಪ್ರತಿ ಹಳ್ಳಿಗೂ ಗೊತ್ತಿರೋದು: "ಸರ್ವರ್ ಡೌನ್." ಪಡಿತರ ಅಂಗಡಿಯಲ್ಲಿ ಬೆರಳಚ್ಚು ಹೊಂದದಿದ್ದರೂ ಸರ್ವರ್ ಡೌನ್, ಪ್ರಿಂಟರ್‌ನಲ್ಲಿ ಕಾಗದ ಮುಗಿದಿದ್ದರೂ ಸರ್ವರ್ ಡೌನ್, ಗುಮಾಸ್ತರು ಊಟಕ್ಕೆ ಹೋಗಿದ್ದರೂ ಸರ್ವರ್ ಡೌನ್. ಒಮ್ಮೊಮ್ಮೆ ಸರ್ವರ್ ನಿಜಕ್ಕೂ ಡೌನ್ ಆಗಿರುತ್ತದೆ, ಆಗಲೂ ಅದು ಪೂರ್ತಿ ಕತೆಯಲ್ಲ. 2025ರ ಜನವರಿ–ಫೆಬ್ರುವರಿಯಲ್ಲಿ ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ತೆವಳಿ ನಿಂತಿತಲ್ಲ, ಉಪನೋಂದಣಿ ಕಚೇರಿಗಳ ಮುಂದೆ ಜನ ಕಾದು ವಾಪಸಾದರು. ಮೊದಲಿಗೆ ಎಲ್ಲರೂ ಅಂದದ್ದು ತಾಂತ್ರಿಕ ದೋಷ ಅಂತ. ಪರಿಶೀಲಿಸಿದ ಮೇಲೆ ಸರ್ಕಾರ ಹೇಳಿದ್ದು ಅದು ದಾಳಿ ಎಂದು: ಸುಳ್ಳು ಖಾತೆಗಳನ್ನು ತೆರೆದು, ಯಂತ್ರಗಳ ಮೂಲಕ ಋಣಭಾರ ಪ್ರಮಾಣಪತ್ರದ ಹುಡುಕಾಟಗಳನ್ನು ಸುರಿದಿದ್ದರು. ಇಂಥ ದಾಳಿಯಲ್ಲಿ ಒಂದೊಂದೇ ಸಾಲು ತೆಗೆದು ನೋಡಿದರೆ ಯಾರೋ ಜಮೀನಿನ ದಾಖಲೆ ಕೇಳುತ್ತಿರುವ ಹಾಗೇ ಇರುತ್ತದೆ. ಒಟ್ಟು ನೋಡಿದಾಗ ಮಾತ್ರ ಎದ್ದು ಕಾಣೋದು.

*

ಭಾನುವಾರ ಬೆಳಿಗ್ಗೆ ತಲೆ ಬಿಸಿಯಾಗಿ ಸತ್ಯಾಗ್ರಹ ಸೌಧದ ಕಡೆ ನಡೆದು ಬಂದೆ. ಚಿಕ್ಕಂದಿನಿಂದ ನೋಡಿದ ಕಟ್ಟಡ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದದ್ದು ಇಲ್ಲಿನ ಬಯಲಿನಲ್ಲಿ. ಅಧ್ಯಕ್ಷರು ಟಿ. ಸಿದ್ದಲಿಂಗಯ್ಯ. ಕಾಂಗ್ರೆಸ್ ಬಾವುಟ ಹಾರಿಸಕೂಡದು ಅಂತ ಸಂಸ್ಥಾನದ ಸರ್ಕಾರ ನಿಷೇಧಾಜ್ಞೆ ಹೊರಡಿಸಿತ್ತು. ಬಾವುಟ ಏರಿತು, ಸಿದ್ದಲಿಂಗಯ್ಯನವರ ಬಂಧನವಾಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಬಾವುಟದ ಕಾರಣಕ್ಕೇ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಆಮೇಲೆ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜತೆ ಮಾತಾಡಿ, ಸಂಸ್ಥಾನದ ಬಾವುಟದ ಜತೆಯಲ್ಲೇ ಕಾಂಗ್ರೆಸ್ ಬಾವುಟವೂ ಹಾರಬಹುದು ಅಂತ ಒಪ್ಪಂದವಾಯಿತು.

ತಲೆಯಲ್ಲಿ ಬರೀ ಲಾಗ್ ಸಾಲುಗಳೇ ಓಡುತ್ತಿದ್ದ ನನಗೆ ಹೊಳೆದದ್ದು, ಇದು ಅಚ್ಚುಕಟ್ಟಾದ 403 ಅಂತ. ನೀನು ಕೇಳಿದ್ದು ಅರ್ಥವಾಯಿತು, ಆದರೆ ಕೊಡಲ್ಲ. ಯಾರು ತಡೆದರು, ಏನನ್ನು ತಡೆದರು ಅನ್ನೋದರಲ್ಲಿ ಆ ಬಯಲಿನಲ್ಲಿದ್ದ ಒಬ್ಬರಿಗೂ ಅನುಮಾನ ಇರಲಿಲ್ಲ. ಆದ್ದರಿಂದ ಯಾರ ಎದುರು ನಿಲ್ಲಬೇಕು ಅನ್ನೋದೂ ಗೊತ್ತಿತ್ತು.

ಇವತ್ತು ಒಂದು ಜಾಲತಾಣವನ್ನು ತಡೆದರೆ ಅಷ್ಟಾದರೂ ಗೊತ್ತಾಗುತ್ತಾ? ಕಾನೂನಿನ ಆದೇಶದಿಂದ ತಡೆದ ಪುಟಕ್ಕೆ ಪ್ರತ್ಯೇಕ ಸಂಖ್ಯೆ ಬೇಕು ಅಂತ ಟಿಮ್ ಬ್ರೇ ಪಟ್ಟು ಹಿಡಿದು, 2016ರ ಫೆಬ್ರುವರಿಯಲ್ಲಿ 451 ಅಧಿಕೃತವಾಯಿತು. ಪುಸ್ತಕ ಸುಡುವ ಕಾಲದ ಕತೆ ಹೇಳುವ ರೇ ಬ್ರಾಡ್‌ಬರಿಯ ಕಾದಂಬರಿಯಿಂದ ತೆಗೆದ ಸಂಖ್ಯೆ. ತಡೆಯುತ್ತಿರುವುದು ಯಾರು ಅಂತ ಹೇಳುವುದಕ್ಕೂ ಅದರಲ್ಲೊಂದು ಜಾಗ ಬಿಟ್ಟಿದ್ದಾರೆ. ನಮ್ಮಲ್ಲಿ ಆ ಸಂಖ್ಯೆ ಕಾಣೋದೇ ಅಪರೂಪ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು 2019–20ರಲ್ಲಿ ಇದನ್ನು ಅಳೆದು ನೋಡಿದರು. ಒಂದೊಂದು ಇಂಟರ್ನೆಟ್ ಕಂಪನಿ ಒಂದೊಂದು ರೀತಿ ತಡೆಯುತ್ತದೆ, ತಡೆದ ಪಟ್ಟಿಗಳೂ ಒಂದೇ ಅಲ್ಲ. ದೊಡ್ಡದೊಂದು ಮೊಬೈಲ್ ಕಂಪನಿ ಸುರಕ್ಷಿತ ಸಂಪರ್ಕದ ಮೊದಲ ಹಂತದಲ್ಲಿ ಮರೆಯಿಲ್ಲದೆ ಹೋಗುವ ತಾಣದ ಹೆಸರನ್ನು ಓದಿ, ಅಲ್ಲೇ ಸಂಪರ್ಕ ಕಡಿಯುತ್ತಿತ್ತು. ಹಾಗೆ ಕಡಿದಾಗ ಬಳಕೆದಾರನಿಗೆ ಕಾಣೋದು "ಸಂಪರ್ಕ ಕಡಿದಿದೆ" ಅನ್ನುವ ಬ್ರೌಸರ್ ಸಂದೇಶ. ಆ ತಾಣದ ಲಾಗ್‌ನಲ್ಲಿ ಒಂದು ಸಾಲೂ ಇರುವುದಿಲ್ಲ, ವಿನಂತಿ ಅಲ್ಲಿಗೆ ತಲುಪಿದರೆ ತಾನೇ! ತಡೆಯ ಆದೇಶಗಳನ್ನು ಗೋಪ್ಯವಾಗಿಡಬೇಕು ಅನ್ನೋದು 2009ರ ನಿಯಮಗಳಲ್ಲೇ ಇದೆ. ಹೀಗಾಗಿ ಆದೇಶವೊಂದು ತಂತಿ ಹರಿದ ಹಾಗೆ ವೇಷ ಹಾಕಿಕೊಂಡು ಬರುತ್ತದೆ, ನಾವು ರೌಟರ್ ಆಫ್ ಮಾಡಿ ಆನ್ ಮಾಡ್ತೀವಿ. ಕೆಲವು ತಾಣಗಳನ್ನು ತಡೆಯಲೇಬೇಕಾಗಬಹುದು, ಅದು ಬೇರೆ ಚರ್ಚೆ. ತಡೆದದ್ದನ್ನು ಕೆಟ್ಟುಹೋಗಿದೆ ಅಂತ ತೋರಿಸಿದರೆ ಪ್ರಶ್ನಿಸುವವನಿಗೆ ಎದುರು ಯಾರೂ ಸಿಗಲ್ಲ.

ನಮ್ಮ ಆಪ್‌ನ "ನೆಟ್‌ವರ್ಕ್ ಪರೀಕ್ಷಿಸಿ" ಕೂಡ ಇದೇ ಜಾತಿಯದು ಅಂತ ಅಲ್ಲಿ ನಿಂತಾಗ ಅನ್ನಿಸಿ ಮೈ ಮುದುಡಿತು. ಮೂರು ತಿಂಗಳಲ್ಲಿ ಎಷ್ಟು ಜನ ಫೋನನ್ನು ಮಾಳಿಗೆ ಮೇಲೆ ಹಿಡಿದುಕೊಂಡು ನಿಂತಿದ್ದರೋ.

*

ಸೋಮವಾರದ ಮೀಟಿಂಗಿನಲ್ಲಿ ಹಳೇ ಸ್ಲೈಡ್ ತೋರಿಸಿ, ಟಿಪ್ಪಣಿ ನನ್ನದೇ, ತಪ್ಪು ಅಂದೆ. ಆಮೇಲೆ ಹತ್ತು ಸೆಕೆಂಡಿನ ಗುಂಪಿನ ಚಿತ್ರ ಹಾಕಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗ್ರಾಹಕ ಸೇವೆಯವರೊಬ್ಬರು, "ಎರಡೆರಡು ಸಲ ಸಾಮಾನು ಬಂತು ಅಂತ ದಿನಾ ಫೋನ್ ಬರುತ್ತೆ, ನಾವು ಅವರೇ ತಪ್ಪಾಗಿ ಒತ್ತಿದ್ದಾರೆ ಅಂತ ಬರೆದು ಮುಚ್ಚುತ್ತಿದ್ದೀವಿ" ಅಂದರು. ಅವರ ಪಟ್ಟಿಗೂ ನಮ್ಮ ಲಾಗ್‌ಗೂ ತಾಳೆ ಹಾಕುವುದಕ್ಕೆ ಎರಡು ದಿನ ಹಿಡಿಯಿತು.

ದಾಸ್ತಾನಿನ ಪ್ರಶ್ನೆಗೆ ಡೇಟಾಬೇಸಿನಲ್ಲಿ ಒಂದು ಸೂಚಿ ಸೇರಿಸಿದೆವು, ಇಪ್ಪತ್ತು ಸೆಕೆಂಡ್ ಅರ್ಧಕ್ಕಿಳಿಯಲಿಲ್ಲ, ಒಂದಕ್ಕಿಂತ ಕೆಳಗೆ ಹೋಯಿತು. ಆರ್ಡರ್ ಪುಟ ತೆರೆದಾಗಲೇ ಅದಕ್ಕೊಂದು ಗುರುತಿನ ಚೀಟಿ ಅಂಟಿಸಿ, ಅದೇ ಚೀಟಿ ಎರಡನೇ ಸಲ ಬಂದರೆ ಹೊಸ ಆರ್ಡರ್ ಮಾಡದೆ ಹಳೆಯ ಉತ್ತರವನ್ನೇ ಕೊಡುವ ಹಾಗೆ ಆಪ್ ತಂಡದವರು ತಿದ್ದಿದರು. 499 ಕೂಡ ನಮ್ಮ ಲೆಕ್ಕಕ್ಕೇ ಸೇರಿತು. ಆ ತಿಂಗಳ ನಮ್ಮ ಅಂಕ ಪಾತಾಳಕ್ಕೆ ಹೋಗಿ, ಅದರ ಬಗ್ಗೆ ಇನ್ನೊಂದು ಮೀಟಿಂಗ್ ಆಯಿತು. ಮುಂದೆ ನಿಜವಾದ ಸಿಗ್ನಲ್ ಸಮಸ್ಯೆಯ 499ಗಳೂ ಸಿಕ್ಕವು, ಚೆಲ್ಲಾಪಿಲ್ಲಿಯಾಗಿ, ಎರಡು ಸೆಕೆಂಡಿಗೊಂದು, ಏಳಕ್ಕೊಂದು. ನಾನು ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ.

ಹೆಚ್ಚಾದ ಸುರುಳಿಗಳನ್ನು ಕಂಪನಿ ವಾಪಸ್ ತಗೊಂಡಿತು. ಒಂದನ್ನು ಮಾತ್ರ ದೊಡ್ಡಪ್ಪ ಪಕ್ಕದ ಗದ್ದೆಯವರಿಗೆ ಮೊದಲೇ ಮಾರಿಬಿಟ್ಟಿದ್ದರು, ಅಸಲಿಗಿಂತ ಐವತ್ತು ರೂಪಾಯಿ ಹೆಚ್ಚಿಗೆ. ಯುಗಾದಿಗೆ ಫೋನ್ ಮಾಡಿದಾಗ ಆಪ್ ಈಗ ಸರಿ ಹೋಗಿದೆ ಅಂತ ಹೇಳಿದೆ.

"ಇನ್ಮೇಲೆ ಒಂದ್ ಸತಿ ಒತ್ತುದ್ರೆ ಸಾಕೋ?" ಅಂದರು.

"ಸಾಕು ದೊಡ್ಡಪ್ಪ. ಮೂರು ಸಲ ಒತ್ತಿದ್ರೂ ಒಂದೇ ಬರುತ್ತೆ."

"ಅಂಗಾದ್ರೆ ಇನ್ನೊಂದು ಬೇಕು ಅಂದ್ರೆ ಏನ್ಲಾ ಮಾಡದು?"